ಪಾರ್ಟ್‌ಟೈಮ್ ಕೆಲಸಕ್ಕೆ ಹೊರಟ ಮಕ್ಕಳೇ, ಲಾಸ್ಟ್ ಬಸ್ ಎಷ್ಟಕ್ಕೆ ಕೇಳಿದ್ರಾ?

ಸಂಪಾದಕರೇ,

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ರ ನಂದೊಂದು ಝೆರಾಕ್ಸ್, ಆನ್‌ಲೈನ್ ಅರ್ಜಿ ಹಾಕುವ ಅಂಗಡಿ ಉಂಟು. ಎಸ್ಸೆಸ್ಸೆಲ್ಸಿ ಮುಗಿದವರು, ಪ್ಲಸ್ ವನ್ (ಹನ್ನೊಂದನೇ ಕ್ಲಾಸ್) ಮಕ್ಕಳು ಕೆಲಸ ಉಂಟಾ ಅಂತ ಬರ್ತಾನೇ ಇರ್ತಾರೆ. ಓದುವ ಮಕ್ಕಳಿಗೆ ಎಂತಕ್ಕೆ ಕೆಲಸ ಅಂತ ಬೈಯ್ಯುವವರು ಇದ್ದಾರೆ, ನಾನು ಆ ಪಾರ್ಟಿ ಅಲ್ಲ. 14 ವರ್ಷ ಆಗದವರನ್ನು ಇಟ್ಕೊಳ್ಳುವ ಹಾಗಿಲ್ಲ, ಮನೆಯವರದ್ದೇ ತೋಟ ಅಂಗಡಿಯಲ್ಲಿ ಶಾಲೆ ಬಿಟ್ಟ ಮೇಲೆ ಸಹಾಯ ಮಾಡ್ಬಹುದು ಅಷ್ಟೆ. 14 ಆಗಿ 18 ಆಗದವರಿಗೆ ಪಟಾಕಿ, ಸ್ಫೋಟಕದಂಥ ಅಪಾಯದ ಕೆಲಸ ಬಿಟ್ಟು ಬೇರೆದ್ದಕ್ಕೆ ಬಾಲಕಾರ್ಮಿಕ ಕಾನೂನಿನ 2016ರ ತಿದ್ದುಪಡಿಯಲ್ಲಿ ಅಡ್ಡಿ ಇಲ್ಲ.

ನನ್ನ ತಕರಾರು ಬೇರೆ. ಮಕ್ಕಳು ಬಂದು ಕೇಳುವ ಮೊದಲ ಪ್ರಶ್ನೆಯೇ ಎಷ್ಟು ಕೊಡ್ತೀರಿ ಅಂತ. ಕೆಲಸ ಎಷ್ಟಕ್ಕೆ ಬಿಡ್ತದೆ, ಆಮೇಲೆ ಬಸ್ ಉಂಟಾ, ಅದನ್ನು ಯಾರೂ ಕೇಳುದಿಲ್ಲ. ಈಗ ಹುಡುಗರೆಲ್ಲ ಕೇಟರಿಂಗಿಗೆ, ಒಂದೇ ದಿನಕ್ಕೆ ಒಳ್ಳೆ ದುಡ್ಡು ಸಿಗ್ತದೆ, ಮೇಲಿಂದ ಬಿರಿಯಾನಿ, ಸುಳ್ಳಲ್ಲ. ಮಧ್ಯಾಹ್ನದ ಊಟಕ್ಕೆ ಬಡಿಸ್ಲಿಕ್ಕೆ ಹೋದ್ರೆ ನನ್ನದೇನೂ ಮಾತಿಲ್ಲ. ಆದರೆ ರಾತ್ರಿ ರಿಸೆಪ್ಷನ್ ಅಂದ್ರೆ ಪಾತ್ರೆ ಲೋಡ್ ಮಾಡಿ ಮುಗಿಯುವಾಗ ಪೆರ್ಲ ಮುಳ್ಳೇರಿಯ ಕಡೆಗೆ ಬಸ್ ಎಲ್ಲಿಂದ ಬರ್ಬೇಕು, ಯಾರದ್ದೋ ಬೈಕಲ್ಲಿ ಮೂರು ಜನ ಕೂತು ಬರುದು, ಮರುದಿನ ಸೋಮವಾರ ಕ್ಲಾಸಲ್ಲಿ ತೂಕಡಿಸುದು. ದುಡ್ಡಾದ್ರೂ ಕೂಡ್ಲೇ ಸಿಗ್ತದಾ ಅಂದ್ರೆ ಅದೂ ಇಲ್ಲ, ಹುಡುಗರನ್ನು ಸೇರಿಸಿ ಕರ್ಕೊಂಡು ಹೋದವ ಮುಂದಿನ ಪ್ರೋಗ್ರಾಮಲ್ಲಿ ನೋಡುವ ಅಂತಾನೆ. ಅದಕ್ಕೆ ಹೋಗುವ ಮೊದಲೇ ರೇಟು, ಕೊಡುವ ದಿನ ಎರಡನ್ನೂ ವಾಟ್ಸಾಪಲ್ಲಿ ಬರೆಸ್ಕೊಳ್ಳಿ, ನಾಚಿಕೆ ಎಂತದು?

ಸ್ಕೂಟರಲ್ಲಿ ಪಾರ್ಸೆಲ್ ಕೊಡುವ ಕೆಲಸ ಅಂತೂ ಬೇಡವೇ ಬೇಡ. 16ಕ್ಕೆ ಸಿಗುವ ಲೈಸೆನ್ಸ್ 50 ಸಿಸಿಯ ಒಳಗಿನ, ಗೇರಿಲ್ಲದ ಗಾಡಿಗೆ ಮಾತ್ರ, ಅಂಥದ್ದು ಈಗ ಯಾರ ಮನೆಯಲ್ಲುಂಟು? ಮೋಟಾರು ವಾಹನ ಕಾನೂನಿಗೆ 2019ರ ತಿದ್ದುಪಡಿ ಆದ ಮೇಲೆ ಸಿಕ್ಕಿಬಿದ್ರೆ ಅಪ್ಪನಿಗೋ ಗಾಡಿಯ ಓನರಿಗೋ 25,000 ದಂಡ, 3 ವರ್ಷದವರೆಗೆ ಜೈಲು, ಓಡಿಸಿದವನಿಗೆ 25 ಆಗುವ ತನಕ ಲೈಸೆನ್ಸೇ ಇಲ್ಲ.

ಬಟ್ಟೆ ಅಂಗಡಿಗೆ ಹೋಗುವ ಹುಡುಗಿಯರು ಒಳಗೆ ಹೋಗಿ ಮೊದಲು ಸ್ಟೂಲ್ ಉಂಟಾ ನೋಡಿ. ಅಂಗಡಿ ಕೆಲಸದವರಿಗೆ ಕೂತ್ಕೊಳ್ಳುವ ಹಕ್ಕು ಕೇರಳದಲ್ಲಿ 2018ರಲ್ಲೇ ಕಾನೂನಾಗಿ ಬಂದಿದೆ, ಸ್ಟೂಲ್ ಮಾತ್ರ ಇನ್ನೂ ಎಲ್ಲಾ ಕಡೆ ಬರ್ಲಿಲ್ಲ!

ಇನ್ನೊಂದು ವಿಷಯ, ಕನ್ನಡ ಮೀಡಿಯಂ ಅಂತ ಮಕ್ಕಳು ಹಿಂದೆ ಸರಿಯುದು ನೋಡಿದ್ರೆ ನನಗೆ ಸಿಟ್ಟು ಬರ್ತದೆ. ಮಲಯಾಳಂ ಫಾರ್ಮ್ ಹಿಡ್ಕೊಂಡು ಇದರಲ್ಲಿ ಎಂತ ಬರೆದಿದ್ದಾರೆ ಮಗಾ ಅಂತ ಕೇಳುವ ಅಜ್ಜಂದಿರು ನನ್ನಲ್ಲಿಗೆ ದಿನಾ ಬರ್ತಾರೆ. ತುಳು, ಕನ್ನಡ ಮಾತಾಡಿ ಮಲಯಾಳಂ ಓದ್ಲಿಕ್ಕೆ ಬರುವ ಹುಡುಗಿಯೋ ಹುಡುಗನೋ ಇದ್ರೆ ನಮ್ಮಂಥ ಅಂಗಡಿಗೆ ಚಿನ್ನ. ಕಸ್ಟಮರಿನ ಒಟಿಪಿ ತಮ್ಮ ಫೋನಿಗೆ ಬರಿಸಬಾರದು, ಆಧಾರ್ ಕಾಪಿ ಇಟ್ಕೊಳ್ಬಾರದು, ಅಷ್ಟು ಜಾಗ್ರತೆ ಸಾಕು.

ಅಂಗಡಿಯವರಲ್ಲಿ ಒಂದು ವಿನಂತಿ: ಏಪ್ರಿಲ್ ಮೇ ರಜೆಗೆ ಜನ ಬೇಕಿದ್ರೆ ಟೈಮು, ಸಂಬಳ ಬರೆದು ಬೋರ್ಡ್ ಹಾಕಿ. ನಾನೂ ಹಾಕ್ತೇನೆ, ಒಬ್ಬರು ಬೇಕು, ಹತ್ತರಿಂದ ನಾಲ್ಕು, ಮಲಯಾಳಂ ಟೈಪಿಂಗ್ ಬಂದ್ರೆ ಸ್ವಲ್ಪ ಜಾಸ್ತಿ ಕೊಡ್ತೇನೆ.

ಇಂತಿ,
ಒಬ್ಬ ಅಂಗಡಿಯವ, ಬದಿಯಡ್ಕ