ಬೆಣ್ಣೆ ದೋಸೆ ನಮ್ಮ ಮನೆಯದಲ್ಲ, ಪುಟ್ಟಿ

ಪ್ರೀತಿಯ ಪುಟ್ಟಿ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. ಆಫೀಸಿಗೆ ಎಲ್ಲರೂ ಅವರವರ ಮನೆ ಊಟ ತರಬೇಕಂತೆ. ನೀನು ದಾವಣಗೆರೆ ಅಂದಕೂಡಲೇ ಎಲ್ಲರೂ "ಬೆಣ್ಣೆ ದೋಸೆ" ಅಂದರಂತೆ. "ಅದು ಹೋಟೆಲಿಂದು ಅಲ್ವಾ ಅಪ್ಪಾ, ನಮ್ಮ ಮನೇದು ಯಾವುದು?" ಅಂದೆ.

ದೋಸೆ ಬಗ್ಗೆ ನನ್ನ ತಕರಾರಿಲ್ಲ. ಸೌದೆ ಒಲೆ, ಕಾವಲಿ ಮೇಲೆ ಕರಗುವ ಬೆಣ್ಣೆ, ಅರಿಶಿನ ಹಾಕದ ಬಿಳಿ ಆಲೂಗಡ್ಡೆ ಪಲ್ಯ. ಈಗಲೂ ಬಾಯಲ್ಲಿ ನೀರು ಬರುತ್ತೆ. ಆದರೆ ನಾನು ಅದನ್ನು ಮೊದಲು ತಿಂದದ್ದು 1988ರಲ್ಲಿ, ಜಗಳೂರು ಕಡೆಯ ನಮ್ಮ ಹಳ್ಳಿಯಿಂದ ಕಾಲೇಜಿಗೆ ಅಂತ ದಾವಣಗೆರೆಗೆ ಬಂದಮೇಲೆ.

ಭದ್ರಾ ನಾಲೆ ದಾವಣಗೆರೆ, ಹರಿಹರದ ಸುತ್ತ ಗದ್ದೆ ಮಾಡಿತು. ನಮ್ಮ ಹೊಲಕ್ಕೆ ಮಳೆಯೇ ಗತಿ. ಹಾಗಾಗಿ ಜೋಳ, ರಾಗಿ, ನವಣೆ. ಅಕ್ಕಿ ಅನ್ನ ಹಬ್ಬಕ್ಕೆ ಮಾತ್ರ. 1997ರಲ್ಲಿ ಜಗಳೂರು ತಾಲ್ಲೂಕನ್ನು ಚಿತ್ರದುರ್ಗದಿಂದ ತೆಗೆದು ಹೊಸ ದಾವಣಗೆರೆ ಜಿಲ್ಲೆಗೆ ಸೇರಿಸಿದರು. ಅವತ್ತೂ ಅವ್ವ ನವಣೆ ಅನ್ನಾನೇ ಮಾಡಿದ್ದಳು.

ನವಣೆ ಸುಮ್ನೆ ಅನ್ನ ಆಗಲ್ಲ. ಒರಳಿಗೆ ಹಾಕಿ ಕುಟ್ಟಬೇಕು, ಮೊರದಲ್ಲಿ ಕೇರಬೇಕು, ಹೊಟ್ಟು ಹಾರಿಸಿ ಮತ್ತೆ ಕುಟ್ಟಬೇಕು. ದುರ್ಗದ ಓಬವ್ವ ಒನಕೆ ಹಿಡಿದಳು ಅಂತ ಎಲ್ಲರೂ ಬೆರಗಾಗುತ್ತಾರೆ. ನನಗೇನೂ ಬೆರಗಿಲ್ಲ. ನಮ್ಮ ಕಡೆ ಹೆಂಗಸರ ಕೈಗೆ ಮೊದಲು ಸಿಗುತ್ತಿದ್ದದ್ದೇ ಒನಕೆ.

ಇನ್ನೊಂದು ವಿಷಯ. ನಿನ್ನಮ್ಮನಿಗೂ ಹೇಳಿಲ್ಲ.

ಹಾಸ್ಟೆಲಿಗೆ ಅವ್ವ ಬಸ್ಸಿನಲ್ಲಿ ರೊಟ್ಟಿ ಕಳಿಸುತ್ತಿದ್ದಳು. ಕೋಳಿ ಕೂಗುವ ಮೊದಲೇ ಎದ್ದು ಬಡಿದ ಜೋಳದ ರೊಟ್ಟಿ, ಖಡಕ್ ಆಗುವ ಹಾಗೆ ಒಲೆ ಪಕ್ಕ ನಿಲ್ಲಿಸಿಟ್ಟದ್ದು. ಜೊತೆಗೆ ಶೇಂಗಾ ಚಟ್ನಿ, ಗುರೆಳ್ಳು ಪುಡಿ. ಬಿಳಿ ಪಂಚೆಯ ತುಂಡಲ್ಲಿ ದೊಡ್ಡ ಗಂಟು. ಅದರ ಮೇಲೆ ಒಂದು ಪುಟ್ಟ ಗಂಟು, ತಂದುಕೊಡುವ ಕಂಡಕ್ಟರಿಗೆ ಅಂತ ಎರಡು ರೊಟ್ಟಿ. ಅವರು ಯಾರು ಅಂತಲೂ ಅವ್ವನಿಗೆ ಗೊತ್ತಿರಲಿಲ್ಲ.

ರೂಮಿನ ಹುಡುಗರು ಒಂದಿನ "ಬರಗಾಲದ ಊಟ ಬಂತು" ಅಂದರು. ತಮಾಷೆಗೇ ಅಂದದ್ದು. ಮುಂದಿನ ವಾರ ಬಂದ ಗಂಟನ್ನು ನಾನು ಬಿಚ್ಚಲೂ ಇಲ್ಲ. ಹಾಸ್ಟೆಲ್ ಹಿಂದೆ ಕಟ್ಟಿದ್ದ ಎಮ್ಮೆಗೆ ಹಾಕಿ, ದೋಸೆ ತಿನ್ನಲು ಹೋದೆ. ಎಮ್ಮೆ ಕಟಕಟ ಅಂತ ಜಗಿದ ಸದ್ದು ಇನ್ನೂ ಕಿವಿಯಲ್ಲಿದೆ. ರಜಕ್ಕೆ ಊರಿಗೆ ಹೋದಾಗ ಅವ್ವ ಕೇಳಿದ್ದು ಒಂದೇ ಮಾತು: "ರೊಟ್ಟಿ ಮುರಿದಿದ್ದವೇನಪ್ಪಾ?"

"ಇಲ್ಲವ್ವ, ಒಂದೂ ಮುರಿದಿರಲಿಲ್ಲ" ಅಂದೆ. ಅವಳ ಮುಖ ಅರಳಿತು.

ಈಗ ನೀನು ಬೆಂಗಳೂರಲ್ಲಿ ಸಿರಿಧಾನ್ಯ ಅಂತ ಅದೇ ನವಣೆಗೆ ದುಡ್ಡು ಸುರಿಯುತ್ತೀಯ. ನಗು ಬರುತ್ತೆ, ಬೇಜಾರಿಲ್ಲ.

ಶನಿವಾರ ರಾತ್ರಿ ಬಸ್ಸಿಗೆ ಗಂಟು ಹಾಕುತ್ತೇವೆ. ಮೂವತ್ತು ರೊಟ್ಟಿ ಇರುತ್ತವೆ, ನಿಮ್ಮ ಆಫೀಸಿಗೆ ಸಾಕಲ್ವಾ? ಚಟ್ನಿ ಪುಡಿಗೆ ಮೊಸರು ಕಲಸಿಕೊಳ್ಳಿ, ಇಲ್ಲದಿದ್ದರೆ ಖಾರ ಜಾಸ್ತಿಯಾಗುತ್ತೆ. ಮೇಲಿನ ಪುಟ್ಟ ಗಂಟು ಡ್ರೈವರಿಗೆ, ನೀನು ತೆಗೆದುಕೊಳ್ಳಬೇಡ.

ತಲುಪಿದಮೇಲೆ ಫೋನ್ ಮಾಡು. ರೊಟ್ಟಿ ಮುರಿದಿದ್ದರೆ ಮುರಿದಿವೆ ಅಂತಲೇ ಹೇಳು.

ನಿನ್ನ ಅಪ್ಪ