ಕ್ಷಮೆ ಬೇರೆ, ಸಾರ್ವಜನಿಕ ಗೌರವ ಬೇರೆ

ಮಾನ್ಯ ಸಂಪಾದಕರೇ,

ಕಲಾವಿದನ ಬದುಕನ್ನೂ ಅವನ ಕೃತಿಯನ್ನೂ ಬೇರೆ ಬೇರೆಯಾಗಿಯೇ ನೋಡಬೇಕೆಂದು ವಾದಿಸುವ ಲೇಖನವೊಂದು ತಮ್ಮ ಪತ್ರಿಕೆಯ ಕಳೆದ ಭಾನುವಾರದ ಪುರವಣಿಯಲ್ಲಿ ಪ್ರಕಟವಾಗಿದೆ. ಅಮೆರಿಕದ ಶಿಲ್ಪಿ ಟಾಮ್ ಆಟರ್‌ನೆಸ್ ಅವರ ಉದಾಹರಣೆ ಕೊಟ್ಟು, ಎಳೆಯ ಪ್ರಾಯದಲ್ಲಿ ಮಾಡಿದ ತಪ್ಪನ್ನು ಅವರೇ ಒಪ್ಪಿಕೊಂಡ ಮೇಲೂ ಸಮಾಜ ಅವರನ್ನು ಬೆನ್ನಟ್ಟುವುದು ಸರಿಯಲ್ಲವೆಂದು ಅದರಲ್ಲಿ ಹೇಳಲಾಗಿದೆ. ಮದ್ದೂರು ತಾಲ್ಲೂಕಿನ ಶಾಲೆಗಳಲ್ಲಿ ಮಕ್ಕಳಿಗೆ ಚಿತ್ರಕಲೆ ಕಲಿಸಿ ನಿವೃತ್ತನಾದ ನನಗೆ ಈ ವಾದ ಒಪ್ಪಿಗೆಯಾಗಲಿಲ್ಲ.

ಲೇಖನವು ಒಂದೇ ಸಾಲಿನಲ್ಲಿ ದಾಟಿಹೋದ ಸಂಗತಿಯನ್ನು ಮೊದಲು ಮುಚ್ಚುಮರೆಯಿಲ್ಲದೆ ಹೇಳಬೇಕಾಗಿದೆ. 1977ರಲ್ಲಿ ಈ ಶಿಲ್ಪಿ ಪ್ರಾಣಿಗಳ ಆಶ್ರಯತಾಣದಿಂದ ನಾಯಿಯೊಂದನ್ನು ದತ್ತು ಪಡೆದು, ಅದನ್ನು ಬೇಲಿಗೆ ಕಟ್ಟಿಹಾಕಿ, ಗುಂಡಿಟ್ಟು ಕೊಂದು, ಕೊಂದದ್ದನ್ನು ಚಿತ್ರೀಕರಿಸಿ ಕಲಾಕೃತಿಯೆಂದು ಜನರ ಮುಂದಿಟ್ಟರು. ಅದು ಸಿಟ್ಟಿನ ಭರದಲ್ಲಿ ಕೈಮೀರಿ ಆದದ್ದಲ್ಲ. ನಾಯಿಯನ್ನು ತರಬೇಕು, ಹಗ್ಗ ಹುಡುಕಬೇಕು, ಕ್ಯಾಮೆರಾ ಅಣಿಮಾಡಬೇಕು, ಬಂದೂಕು ಕೈಗೆತ್ತಿಕೊಳ್ಳಬೇಕು. ಇದರಲ್ಲಿ ಯಾವ ಹಂತದಲ್ಲಾದರೂ ಬೇಡವೆಂದು ನಿಲ್ಲಿಸಬಹುದಿತ್ತು. ಆಶ್ರಯತಾಣದ ನಾಯಿ ತನ್ನನ್ನು ಕರೆದೊಯ್ಯುವವರ ಹಿಂದೆ ಹೋಗುತ್ತದೆ, ಕಟ್ಟಿಹಾಕಿದರೂ ಸುಮ್ಮನಿರುತ್ತದೆ, ಏಕೆಂದರೆ ಕಟ್ಟುವವನೇ ಈಗ ಅದರ ಯಜಮಾನ. ಆ ನಂಬಿಕೆಯನ್ನೇ ಬಳಸಿಕೊಂಡು ಮಾಡಿದ ಕೊಲೆಯನ್ನು ಎಳೆಯ ಪ್ರಾಯದ ದುಡುಕೆಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಆಗ ಅವರಿಗೆ 25 ವರ್ಷ. ನಮ್ಮ ಹಳ್ಳಿಗಳಲ್ಲಿ ಆ ವಯಸ್ಸಿಗೆ ಮನೆಯ ಜವಾಬ್ದಾರಿಯೆಲ್ಲ ಹೆಗಲಿಗೆ ಬಂದಿರುತ್ತದೆ.

2008ರಲ್ಲಿ ಅವರು ತಮ್ಮ ಕೃತ್ಯಕ್ಕೆ ಸಮರ್ಥನೆಯೇ ಇಲ್ಲವೆಂದು ಒಪ್ಪಿಕೊಂಡು, ಜನರು ತಮ್ಮನ್ನು ಕ್ಷಮಿಸಬೇಕೆಂದು ಲಿಖಿತವಾಗಿ ಕೇಳಿಕೊಂಡರು. ಅಷ್ಟರಲ್ಲಿ 30 ವರ್ಷ ಕಳೆದಿತ್ತು. ಅವರ ದುಂಡು ದುಂಡಾದ ಪುಟ್ಟ ಕಂಚಿನ ಗೊಂಬೆಗಳು ನ್ಯೂಯಾರ್ಕಿನ ಸುರಂಗ ರೈಲು ನಿಲ್ದಾಣದಲ್ಲಿಯೂ ಉದ್ಯಾನಗಳಲ್ಲಿಯೂ ನೆಲೆಗೊಂಡು ಜನಪ್ರಿಯವಾಗಿದ್ದವು. ಮುಂದೆ 2011ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಗರದ ಹೊಸ ಸುರಂಗ ರೈಲು ನಿಲ್ದಾಣಕ್ಕೆ ಶಿಲ್ಪ ಮಾಡುವ ಕೆಲಸ ಅವರಿಗೆ ಸಿಕ್ಕಾಗ ಹಳೆಯ ಸಂಗತಿ ಮತ್ತೆ ಹೊರಬಂದು, ಸಾರ್ವಜನಿಕರ ವಿರೋಧದಿಂದ ಅದನ್ನು ತಡೆಹಿಡಿಯಲಾಯಿತು. ಲೇಖಕರಿಗೆ ಅನ್ಯಾಯವಾಗಿ ಕಂಡದ್ದು ಇದೇ. ನನಗೆ ಇದರಲ್ಲಿ ಅನ್ಯಾಯವೇನೂ ಕಾಣಲಿಲ್ಲ.

ಕ್ಷಮೆಯ ವಿಷಯದಲ್ಲಿ ನನ್ನ ಶಾಲೆಯಲ್ಲಿ ಕಂಡದ್ದನ್ನು ಇಲ್ಲಿ ಹೇಳಬೇಕೆನಿಸುತ್ತದೆ. ದೀಪಾವಳಿಯ ಸಮಯದಲ್ಲಿ ಏಳನೇ ತರಗತಿಯ ಹುಡುಗನೊಬ್ಬ ಶಾಲೆಯ ಆವರಣದ ನಾಯಿಯ ಬಾಲಕ್ಕೆ ಪಟಾಕಿ ಸರ ಕಟ್ಟಿ ಹಚ್ಚಿಬಿಟ್ಟ. ಬಾಲದ ಬುಡ ಸುಟ್ಟು ಚರ್ಮ ಕಿತ್ತುಬಂದಿತ್ತು. ನಮ್ಮ ಮುಖ್ಯೋಪಾಧ್ಯಾಯರು ಅವನಿಗೆ ಹೊಡೆಯಲಿಲ್ಲ. ಪಶುವೈದ್ಯರು ಕೊಟ್ಟ ಮುಲಾಮನ್ನು ಗಾಯ ಮಾಯುವವರೆಗೆ ದಿನವೂ ಅವನೇ ಹಚ್ಚಬೇಕು, ಬಿಸಿಯೂಟದ ಅನ್ನವನ್ನು ಅವನೇ ಇಡಬೇಕು ಎಂದರು. ಮೊದಮೊದಲು ನಾಯಿ ಅವನ ನೆರಳು ಕಂಡರೆ ಓಡುತ್ತಿತ್ತು, ಅಡುಗೆಯವರು ಹಿಡಿದುಕೊಂಡರಷ್ಟೇ ಅವನು ಮುಲಾಮು ಹಚ್ಚಲು ಆಗುತ್ತಿತ್ತು. ಗಾಯ ಮಾಗಿತು. ಅವನು ಇಟ್ಟ ಅನ್ನವನ್ನು ಅದು ತಿನ್ನತೊಡಗಿತು. ಆದರೆ ಅವನು ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತ ಮೇಲೆಯೇ ತಿನ್ನುತ್ತಿತ್ತು, ಆ ಹುಡುಗ ಶಾಲೆ ಬಿಡುವವರೆಗೂ ಹಾಗೆಯೇ ಇತ್ತು. ಎಷ್ಟು ಕ್ಷಮಿಸಬೇಕು, ಎಷ್ಟು ದೂರ ಇಡಬೇಕು ಎಂಬುದನ್ನು ಆ ನಾಯಿಯೇ ತೀರ್ಮಾನಿಸಿತು. ಬೇಲಿಗೆ ಕಟ್ಟಿ ಕೊಂದ ನಾಯಿಗೆ ಆ ತೀರ್ಮಾನದ ಹಕ್ಕೇ ಉಳಿಯಲಿಲ್ಲ. ಹೀಗಿರುವಾಗ ಅದರ ಪರವಾಗಿ ನಾನಾಗಲಿ, ತಮ್ಮ ಲೇಖಕರಾಗಲಿ, ಅಮೆರಿಕದ ಯಾವುದೇ ಕಲಾಸಮಿತಿಯಾಗಲಿ ಕ್ಷಮಿಸಿದ್ದೇವೆ ಎಂದು ಹೇಳಲು ಯಾವ ಅಧಿಕಾರ ಪಡೆದಿದ್ದೇವೆ?

ಇಲ್ಲಿ ಬಾಡೂಟದ ಮಾತು ಬಂದೇ ಬರುತ್ತದೆ. ಬನ್ನೂರು ಕುರಿಯ ಹೆಸರು ಹೇಳಿಕೊಂಡು ಹೆಮ್ಮೆಪಡುವ ಸೀಮೆಯವರು ನಾವು, ಒಂದು ನಾಯಿಗಾಗಿ ಏಕೆ ಇಷ್ಟು ಮರುಗಬೇಕೆಂದು ಕೇಳುವವರಿದ್ದಾರೆ. ಅದು ತಳ್ಳಿಹಾಕುವ ಪ್ರಶ್ನೆಯಲ್ಲ, ಮಾಂಸ ತಿನ್ನುವವರೆಲ್ಲರೂ ತಮ್ಮನ್ನು ತಾವೇ ಕೇಳಿಕೊಳ್ಳಬೇಕಾದ ಪ್ರಶ್ನೆ. ಆದರೆ ಕುರಿ ಕೊಯ್ಯುವವನು ಆ ಸಾವನ್ನೇ ಪ್ರದರ್ಶನಕ್ಕಿಟ್ಟು ತನ್ನ ಪ್ರತಿಭೆಯೆಂದು ಹೇಳಿಕೊಳ್ಳುವುದಿಲ್ಲ. ಜೀವ ಹೋಗುವುದನ್ನು ನೋಡುವುದೇ ಉದ್ದೇಶವಾದಾಗ, ಆ ಕೃತಿಯಿಂದ ಕ್ರೌರ್ಯವನ್ನು ತೆಗೆದರೆ ಉಳಿಯುವುದೇನು? ಬದುಕು ಬೇರೆ, ಕೃತಿ ಬೇರೆ ಎಂಬ ವಾದ ಈ ಪ್ರಕರಣಕ್ಕೆ ಹೊಂದದಿರುವುದೂ ಇದೇ ಕಾರಣಕ್ಕೆ, ಇಲ್ಲಿ ಕೃತಿಯೇ ಅಪರಾಧ.

ಹಾಗೆಂದು ಆ ಶಿಲ್ಪಿ ಕೆಲಸವನ್ನೇ ಬಿಡಬೇಕೆಂದಾಗಲಿ, ಈಗಾಗಲೇ ನಿಲ್ಲಿಸಿರುವ ಅವರ ಗೊಂಬೆಗಳನ್ನು ಕೀಳಬೇಕೆಂದಾಗಲಿ ನಾನು ಹೇಳುವುದಿಲ್ಲ. ಖಾಸಗಿಯಾಗಿ ಕೊಳ್ಳುವವರು ಕೊಳ್ಳಲಿ. ಅವರ ಪಶ್ಚಾತ್ತಾಪ ನಿಜವೇ ಇರಬಹುದು, ಅದನ್ನು ಸುಳ್ಳೆನ್ನಲು ನನ್ನ ಬಳಿ ಆಧಾರವಿಲ್ಲ. ಆದರೆ ಸಾರ್ವಜನಿಕರ ತೆರಿಗೆ ಹಣದಲ್ಲಿ, ಸಾರ್ವಜನಿಕ ಜಾಗದಲ್ಲಿ ಶಿಲ್ಪ ನಿಲ್ಲಿಸುವ ಅವಕಾಶ ಕೂಲಿಯಷ್ಟೇ ಅಲ್ಲ, ಅದು ಊರು ಕೊಡುವ ಗೌರವ. ಅದನ್ನು ಕೊಡದಿರುವುದು ಶಿಕ್ಷೆಯಾಗುವುದಿಲ್ಲ.

ಊರು ಯಾವುದಕ್ಕೆ ಕಲ್ಲು ನಿಲ್ಲಿಸುತ್ತದೆ ಎಂಬುದಕ್ಕೆ ನಮ್ಮ ತಾಲ್ಲೂಕಿನಲ್ಲಿಯೇ ಸಾಕ್ಷಿ ಇದೆ. ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ, ಸುಮಾರು ಕ್ರಿ.ಶ. 949ರ ಶಾಸನ ನಾಯಿಯೊಂದರ ಸ್ಮಾರಕ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಗಂಗ ದೊರೆ ಬೂತುಗ ಏನು ಬೇಕೆಂದು ಕೇಳಿದಾಗ, ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಕಾಳಿ ಹಂದಿಯೊಡನೆ ಹೋರಾಡಿ, ಎರಡೂ ಸತ್ತವು. ಮಣಲೇರ ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿಯನ್ನೂ ಬಿಟ್ಟ. ಅದನ್ನು ಬೇಟೆಗೆ ಬಿಟ್ಟವನೂ ಅವನೇ, ಹಂದಿಯೂ ಜೀವವೇ ಎಂಬುದನ್ನು ಮರೆಯಬೇಕಾಗಿಲ್ಲ. ಆದರೂ ನಾಯಿ ಮತ್ತು ಹಂದಿ ಎದುರುಬದುರಾಗಿರುವ ಆ ಉಬ್ಬುಶಿಲ್ಪವನ್ನು ಕಡೆದ, ಹೆಸರು ತಿಳಿಯದ ಶಿಲ್ಪಿಯ ಉಳಿ ಸತ್ತ ಪ್ರಾಣಿಯ ಮಾನವನ್ನು ಕಾಪಾಡಿತು.

ಕಲಾವಿದರಿಗೆ ಇಂಥ ವಿಷಯಗಳಲ್ಲಿ ವಿಶೇಷ ಸ್ವಾತಂತ್ರ್ಯ ಬೇಕೆನ್ನುವವರಿಗೆ ಇನ್ನೊಂದು ಮಾತು. ನಮ್ಮ ದೇಶದ ಪ್ರಾಣಿ ಹಿಂಸೆ ತಡೆ ಕಾಯ್ದೆ, 1960ರ ಹಿಂದಿನ ಪ್ರೇರಣೆ ಭರತನಾಟ್ಯ ಕಲಾವಿದೆ ರುಕ್ಮಿಣಿ ದೇವಿ ಅರುಂಡೇಲ್ ಅವರದು. ರಾಜ್ಯಸಭೆಯ ಸದಸ್ಯೆಯಾಗಿ ಅವರು ಖಾಸಗಿ ಮಸೂದೆ ಮಂಡಿಸಿ ಹೋರಾಡಿದ್ದರಿಂದ ಆ ಕಾಯ್ದೆ ಬಂತು. 1962ರಲ್ಲಿ ಸ್ಥಾಪನೆಯಾದ ಪ್ರಾಣಿ ಕಲ್ಯಾಣ ಮಂಡಳಿಯ ಮೊದಲ ಅಧ್ಯಕ್ಷೆಯೂ ಅವರೇ. ಅಂಥ ಕಾಯ್ದೆಯಲ್ಲಿ ಮೊದಲ ಬಾರಿ ಹಿಂಸೆ ಮಾಡಿದವನಿಗೆ ಅಂದು ನಿಗದಿಯಾದ ದಂಡ ಹೆಚ್ಚೆಂದರೆ 50 ರೂಪಾಯಿ. ಇಂದಿನ ದಿನಕ್ಕೆ ಆ ದಂಡದ ಭಯ ಯಾರಿಗೂ ಇರಲಾರದು.

ಮೈಸೂರು, ಮಂಡ್ಯಗಳಲ್ಲಿ ವೃತ್ತಗಳಿಗೆ, ಉದ್ಯಾನಗಳಿಗೆ ಶಿಲ್ಪ ಮಾಡಿಸುವ ಸ್ಥಳೀಯ ಸಂಸ್ಥೆಗಳೂ, ಕಲಾವಿದರಿಗೆ ಪ್ರಶಸ್ತಿ ನೀಡುವ ಸರ್ಕಾರಿ ಅಕಾಡೆಮಿಗಳೂ ಕೃತಿಗಾಗಿ ಯಾವುದೇ ಪ್ರಾಣಿಯನ್ನು ಹಿಂಸಿಸಿಲ್ಲವೆಂಬ ಲಿಖಿತ ಹೇಳಿಕೆಯನ್ನು ಕಲಾವಿದರಿಂದ ಪಡೆಯಬೇಕೆಂದು ತಮ್ಮ ಪತ್ರಿಕೆಯ ಮೂಲಕ ಒತ್ತಾಯಿಸುತ್ತೇನೆ. ಹಿಂದೆ ಅಂಥ ಕೃತ್ಯ ಎಸಗಿದವರ ಅರ್ಜಿ ಬಂದರೆ, ಅವರು ಬರೆದುಕೊಟ್ಟ ಕ್ಷಮಾಪಣೆಯನ್ನು ಮಾತ್ರ ನೋಡದೆ, ಅಲ್ಲಿಂದೀಚೆಗೆ ಪ್ರಾಣಿಗಳಿಗಾಗಿ ಅವರು ಏನು ಮಾಡಿದ್ದಾರೆಂಬುದನ್ನು ವಿಚಾರಿಸಿ, ಊರಿನ ಜನರ ಅಭಿಪ್ರಾಯವನ್ನು ಬಹಿರಂಗವಾಗಿ ಕೇಳಿದ ಮೇಲೆಯೇ ನಿರ್ಧಾರ ತೆಗೆದುಕೊಳ್ಳಲಿ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಚಿತ್ರಕಲಾ ಶಿಕ್ಷಕ,
ಮದ್ದೂರು, ಮಂಡ್ಯ ಜಿಲ್ಲೆ