ಥಟ್ ಅಂತ ಬರೆಯಬೇಡ

ಪ್ರಿಯ ತಂಗಿ,

ನಿನ್ನ ಪ್ರಬಂಧ ಓದಿದೆ. ಕೆಲಸ ಮುಗಿಸಿ ಪಿಜಿಗೆ ಬಂದು, ಊಟದ ತಟ್ಟೆ ಮುಂದಿಟ್ಟುಕೊಂಡು, ಮೊಬೈಲಿನಲ್ಲಿ ಚಂದನ ವಾಹಿನಿಯ ಕ್ವಿಜ್ ‘ಥಟ್ ಅಂತ ಹೇಳಿ’ಯ ಹಳೆಯ ಸಂಚಿಕೆ ಹಾಕಿಕೊಳ್ಳುತ್ತೀಯ. ಅದನ್ನು ನಡೆಸಿಕೊಡುವ ಡಾ. ನಾ. ಸೋಮೇಶ್ವರ ಅವರ ದನಿ ಕಿವಿಗೆ ಬಿದ್ದರೆ ಸಾಕು, ದಿನವಿಡೀ ಬಿಗಿದಿದ್ದ ಭುಜ ಸಡಿಲಾಗುತ್ತದೆ ಎಂದು ಬರೆದಿದ್ದೀಯ. ಆ ಸಾಲು ಇರಲಿ. ಅದರ ಮುಂದಿನ ಎರಡು ಪುಟ ತೆಗೆದುಬಿಡು.

ಆಂಟೆನಾ ತಿರುಗಿಸುವುದು, ಪಕ್ಕದ ಮನೆಯ ಟಿವಿ, ಹೊತ್ತಲ್ಲದ ಹೊತ್ತಿನಲ್ಲಿ ಹೋಗುವ ಕರೆಂಟು: ಇದೆಲ್ಲ ಯಾರ ಬಾಲ್ಯಕ್ಕೆ ಬೇಕಾದರೂ ತೊಡಿಸಬಹುದಾದ ರೆಡಿಮೇಡ್ ಅಂಗಿ. ಕಾರ್ಯಕ್ರಮ ಶುರುವಾದದ್ದು 2002ರ ಜನವರಿಯಲ್ಲಿ. ಅಷ್ಟರಲ್ಲಿ ಉದಯವೂ ಇತ್ತು, ಈಟಿವಿಯೂ ಬಂದಾಗಿತ್ತು. ಕೇಬಲ್ ಇದ್ದ ಮನೆಯಲ್ಲಿ ರಿಮೋಟ್ ಒತ್ತಿದರೆ ಬೇರೆ ಏನಾದರೂ ಸಿಗುತ್ತಿತ್ತು. ಆದರೂ ನಿಮ್ಮ ಮನೆಯವರು ಚಂದನಕ್ಕೆ ಬಂದು ನಿಲ್ಲುತ್ತಿದ್ದರು. ಯಾಕೆ? ಪ್ರಬಂಧ ಶುರುವಾಗಬೇಕಾದದ್ದು ಇಲ್ಲಿಂದ.

ಅದಕ್ಕೂ ಒಂದೂವರೆ ವರ್ಷ ಮುಂಚೆ, 2000ನೇ ಇಸವಿಯ ಜುಲೈನಲ್ಲಿ, ಅಮಿತಾಭ್ ಬಚ್ಚನ್ ಹಿಂದಿಯಲ್ಲಿ ಕೋಟಿ ರೂಪಾಯಿಯ ಕ್ವಿಜ್ ಶುರುಮಾಡಿದ್ದರು. ಕತ್ತಲ ಸ್ಟುಡಿಯೊ, ಎದೆ ಹೊಡೆದುಕೊಳ್ಳುವಂಥ ಸಂಗೀತ, ಉತ್ತರ ಲಾಕ್ ಮಾಡುವ ಮುಂಚೆ ಹಣೆಯ ಮೇಲೆ ಬೆವರು. ಕ್ವಿಜ್ ಎಂದರೆ ಇದೇ ಎಂದು ಊರೆಲ್ಲ ನಂಬಿದ್ದಾಗ ಬೆಂಗಳೂರು ದೂರದರ್ಶನದಲ್ಲಿ ಒಬ್ಬ ವೈದ್ಯರು ಸರಿಯುತ್ತರಕ್ಕೆ ಪುಸ್ತಕ ಕೊಡತೊಡಗಿದರು. ತಪ್ಪು ಹೇಳಿದವರು ಕಳೆದುಕೊಳ್ಳುವುದೇನು? ಇನ್ನೂ ಕೈಗೆ ಬಂದೇ ಇರದ ಒಂದು ಪುಸ್ತಕ. ಬೆವರುವಂಥದ್ದು ಏನೂ ಇಲ್ಲ. ಇಷ್ಟೇ ಪಣ ಇಟ್ಟುಕೊಂಡು ಮೂರು ಸಾವಿರಕ್ಕೂ ಹೆಚ್ಚು ಸಂಚಿಕೆ ನಡೆದಿವೆ.

ಈಗ ನಿನ್ನ ದಿನ ನೋಡು. ಇದು ಯಾಕೆ ಲೇಟಾಯಿತು, ಯಾವಾಗ ಮುಗಿಸುತ್ತೀರಿ, ಇಷ್ಟೂ ಗೊತ್ತಾಗಲಿಲ್ಲವಾ. ಸಂಜೆ ಅಮ್ಮನ ಫೋನು: ಮುಂದೇನು ಯೋಚನೆ ಮಾಡಿದ್ದೀಯ? ಬೆಳಗಿನಿಂದ ನಿನ್ನನ್ನು ಕೇಳುವ ಪ್ರತಿ ಪ್ರಶ್ನೆಗೂ ಒಂದು ದಂಡವಿದೆ. ರಾತ್ರಿ ಒಬ್ಬರು ಬಂದು ದಂಡವಿಲ್ಲದೆ ಪ್ರಶ್ನೆ ಕೇಳುತ್ತಾರೆ. ಗೊತ್ತಿಲ್ಲದಿದ್ದರೆ ಅವರೇ ಉತ್ತರ ಹೇಳಿ ಮುಂದಕ್ಕೆ ಹೋಗುತ್ತಾರೆ. ಭುಜ ಸಡಿಲಾಗುವುದು ಇದಕ್ಕೆ ಅನ್ನಿಸುತ್ತದೆ ನನಗೆ, ಬಾಲ್ಯ ನೆನಪಾಯಿತು ಅಂತಲ್ಲ. ಆಗ ನಿನಗೆ ಯಾವ ಸಮಾಧಾನವೂ ಬೇಕಿರಲಿಲ್ಲ. ಅಜ್ಜನಿಗಿಂತ ಮುಂಚೆ ಉತ್ತರ ಕೂಗಿದರೆ ಸಾಕಿತ್ತು. ಫ್ರಾಕು ಹಾಕಿದ ಆ ಹುಡುಗಿಯನ್ನು ಹಿಂದಕ್ಕೆ ಸರಿಸು, ಪಿಜಿಯಲ್ಲಿ ಕೂತವಳು ಮುಂದೆ ಬರಲಿ.

ಸೋಮೇಶ್ವರ ಅವರನ್ನು ‘ನಮ್ಮ ಮಿಸ್ಟರ್ ರೋಜರ್ಸ್’ ಎಂದು ಕರೆದಿದ್ದೀಯ. ಹೊಡೆದುಹಾಕು. ಪಿಟ್ಸ್‌ಬರ್ಗಿನ ಫ್ರೆಡ್ ರೋಜರ್ಸ್ 1968ರಿಂದ 2001ರವರೆಗೆ ಟಿವಿಯಲ್ಲಿ ಅಮೆರಿಕದ ಮಕ್ಕಳೊಂದಿಗೆ ಮಾತಾಡಿದವರು. ಬಾಗಿಲು ತೆರೆದು ಬಂದು, ಕೋಟು ತೆಗೆದು ಸ್ವೆಟರ್ ಹಾಕಿಕೊಂಡು, ಎದುರಿಗೆ ಒಂದೇ ಮಗು ಕೂತಿದೆ ಎಂಬಂತೆ ನೇರ ಕ್ಯಾಮೆರಾ ನೋಡುತ್ತಿದ್ದರು. ಕಣ್ಣು ಕಾಣದ ಒಂದು ಮಗು, ಸೆಟ್ಟಿನ ತೊಟ್ಟಿಯ ಮೀನುಗಳಿಗೆ ಊಟ ಹಾಕಿದಿರೋ ಇಲ್ಲವೋ ನನಗೆ ತಿಳಿಯುವುದಿಲ್ಲವಲ್ಲ ಎಂಬ ಚಿಂತೆಯಿಂದ ಪತ್ರ ಬರೆಸಿತಂತೆ. ಆಮೇಲೆ ಅವರು ಮೀನಿಗೆ ಊಟ ಹಾಕುವಾಗ ಅದನ್ನು ಬಾಯಿಬಿಟ್ಟು ಹೇಳತೊಡಗಿದರು. ತಮ್ಮನ್ನು ನೋಡಿ ಬೆಳೆದು ದೊಡ್ಡವರಾದವರಿಗೂ ಕೊನೆಗಾಲದಲ್ಲಿ ಸಂದೇಶ ರೆಕಾರ್ಡ್ ಮಾಡಿಟ್ಟರು. ಸಮಾಧಾನ ಹೇಳುವುದೇ ಅವರ ಕೆಲಸವಾಗಿತ್ತು. ಸೋಮೇಶ್ವರ ಅವರ ಕೆಲಸ ಪ್ರಶ್ನೆ ಕೇಳುವುದು, ಅದೂ ಎದುರಿಗೆ ಕೂತ ಮೂವರನ್ನು. ಸಮಾಧಾನ ನೀನು ಅಲ್ಲಿಂದ ಕದ್ದು ತಂದದ್ದು. ಆ ಕಳ್ಳತನದ ಬಗ್ಗೆ ಬರೆ, ನಾನು ಓದುತ್ತೇನೆ.

ರೋಜರ್ಸ್ ಅವರಿಂದ ತೆಗೆದುಕೊಳ್ಳುವುದಾದರೆ ಆ ಮೀನನ್ನು ತಗೋ. ನಿನ್ನ ಪ್ರಬಂಧದಲ್ಲಿ ಅಂಥ ಒಂದು ಮೀನೂ ಇಲ್ಲ. ಕ್ವಿಜ್ ಬಗ್ಗೆ ಆರು ಪುಟ ಬರೆದಿದ್ದೀಯ, ಒಂದೇ ಒಂದು ಪ್ರಶ್ನೆ ಇಲ್ಲವಲ್ಲ ಮಾರಾಯ್ತಿ! ಊಟ ಮಾಡಿ ಕೈ ತೊಳೆದುಕೊಂಡು, ಪೆನ್ನು ಹಿಡಿದು ಒಂದು ಸಂಚಿಕೆ ನೋಡು. ನೀನು ತಪ್ಪು ಹೇಳಿದ್ದು ಯಾವುದಕ್ಕೆ? ಸ್ಪರ್ಧಿ ತಡವರಿಸಿದಾಗ ಅವರು ಎಷ್ಟು ಹೊತ್ತು ಸುಮ್ಮನಿರುತ್ತಾರೆ? ಸರಿಯುತ್ತರ ಕೊಟ್ಟ ಮೇಲೆ ಅದರ ಹಿಂದಿನ ಸಂಗತಿಯನ್ನು ಹೇಗೆ ಬಿಡಿಸುತ್ತಾರೆ? ನಿನ್ನ ಸಮಾಧಾನ ಇರುವುದೇ ಅಲ್ಲಿ, ಕ್ಷಣಗಳ ಲೆಕ್ಕದಲ್ಲಿ.

‘ಜ್ಞಾನಸಾಗರ’, ‘ನಡೆದಾಡುವ ವಿಶ್ವಕೋಶ’ ಎರಡೂ ಬೇಡ. (ನಮ್ಮ ಪತ್ರಿಕೆಗಳಲ್ಲಿ ನಡೆದಾಡುವವರು ಈಗಾಗಲೇ ಬಹಳ ಜನ ಆಗಿದ್ದಾರೆ.) ನಿನಗೆ ಗೊತ್ತಿರುವುದು ಪರದೆಯ ಮೇಲಿನ ಮನುಷ್ಯ ಮಾತ್ರ. ಅಷ್ಟನ್ನೇ ಬರೆ. ಅವರ ಮನಸ್ಸಿನೊಳಗೆ ಹೊಕ್ಕು ನಿನಗಾಗಿ ಮಿಡಿಯುವ ಹೃದಯ ಹುಡುಕುವುದು ಅವರಿಗೂ ಮುಜುಗರ, ಓದುಗರಿಗೂ ಮುಜುಗರ.

ಹೊಸ ಕರಡು ಆದಾಗ ಕಳಿಸು, ಅವಸರವಿಲ್ಲ. ತಲೆಬರಹ ಕೊನೆಗೆ ಇಟ್ಟರಾಯಿತು. ಈಗಿರುವ ‘ನೆನಪಿನಂಗಳದಲ್ಲಿ’ ಮಾತ್ರ ಬೇಡ ಮಾರಾಯ್ತಿ.

ಇಂತಿ,
ನಿನ್ನ ಅಕ್ಕ